ಕಾಮನ್ ಕಿಚನ್‌ಗೆ ದುಡ್ಡು ಎಲ್ಲಿಂದ? ತುಮಕೂರಿನ ಸಣ್ಣ ತಿಂಡಿ ಉದ್ಯಮಗಳಿಗೆ ಯಾವ ನೆರವು ಹೊಂದುತ್ತದೆ

ತಿಪಟೂರಿನ ಕೊಬ್ಬರಿ, ಚೇಳೂರಿನ ಹಲಸು, ಪಾವಗಡದ ಕಡಲೆಕಾಯಿ, ಎಲ್ಲ ತಾಲೂಕಲ್ಲೂ ಸಿಗುವ ರಾಗಿ, ಹುಣಸೆ. ತುಮಕೂರು ಜಿಲ್ಲೆಯಲ್ಲಿ ಕಚ್ಚಾಮಾಲಿಗೆ ಬರವಿಲ್ಲ. ಚಟ್ನಿಪುಡಿ, ಹುರಿಹಿಟ್ಟು, ಹಪ್ಪಳ, ನಿಪ್ಪಟ್ಟು, ಕೊಬ್ಬರಿ ಮಿಠಾಯಿ ಮಾಡುವ ಒಳ್ಳೆ ಕೈಗಳಿಗೂ ಬರವಿಲ್ಲ. ಕಷ್ಟ ಶುರುವಾಗುವುದು ಆರ್ಡರ್ ಜಾಸ್ತಿಯಾದ ಮೇಲೆ. ಮನೆಯ ಮಿಕ್ಸಿ ಸಾಲುವುದಿಲ್ಲ. ಒಂದೇ ಒಲೆಯಲ್ಲಿ ಮನೆಯವರ ಊಟವೂ ಆಗಬೇಕು, ಇಪ್ಪತ್ತು ಕೆಜಿ ಹುರಿಗಾಳೂ ಆಗಬೇಕು. ಅಂಗಡಿಯವರು ಆಹಾರ ಪರವಾನಗಿ ನಂಬರ್ ಕೇಳುತ್ತಾರೆ. ಹಾಗಂತ ಒಬ್ಬರೇ ಲಕ್ಷಗಟ್ಟಲೆ ಹಾಕಿ ಘಟಕ ಕಟ್ಟುವ ಧೈರ್ಯ ಎಲ್ಲರಿಗೂ ಇರುವುದಿಲ್ಲ.

ಇಂಥ ನಾಲ್ಕಾರು ಜನ ಸೇರಿ ಒಂದೇ ಜಾಗ, ಒಂದೇ ಯಂತ್ರಗಳನ್ನು ಸರದಿಯಂತೆ ಬಳಸುವುದೇ ಕಾಮನ್ ಕಿಚನ್. ಒಳ್ಳೆಯ ಯೋಚನೆ. ಇದಕ್ಕೆ ನೆರವು ಕೊಡುವ ಯೋಜನೆಗಳೂ ಇವೆ. ಆದರೆ ಒಂದೊಂದರ ಸ್ವಭಾವ ಒಂದೊಂದು ಥರ. ಹೆಸರು ಕೇಳಿ ಅರ್ಜಿ ಹಾಕಿ, ಬ್ಯಾಂಕಿನ ಹತ್ತಿರ ಹೋದಾಗ "ಇದು ನಮಗೆ ಹೊಂದುವುದಿಲ್ಲ" ಅಂತ ಗೊತ್ತಾಗುವವರು ಬಹಳ. ಹಾಗಾಗಬಾರದು ಎಂದು ಯಾವ ದುಡ್ಡು ಯಾರಿಗೆ ಹೊಂದುತ್ತದೆ ಎಂದು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. "ಅನುದಾನ ಬರುತ್ತೆ" ಎಂದು ಜನ ಹೇಳುವ ಹೆಚ್ಚಿನ ಯೋಜನೆಗಳಲ್ಲಿ ಬರುವುದು ಸಾಲದ ಜೊತೆಗಿನ ಸಬ್ಸಿಡಿ. ಬ್ಯಾಂಕ್ ಸಾಲ ಮಂಜೂರು ಮಾಡದಿದ್ದರೆ ಸಬ್ಸಿಡಿಯೂ ಇಲ್ಲ. ಸಾಲವಿಲ್ಲದೆ ಕೈಗೆ ಸಿಗುವ ದುಡ್ಡಿನ ದಾರಿಗಳು ಕಡಿಮೆ. ಅವನ್ನೂ ಮುಂದೆ ಹೇಳುತ್ತೇನೆ.

ಯೋಜನೆ ಹುಡುಕುವ ಮೊದಲು ತಿಂಗಳ ಖರ್ಚು ಬರೆಯಿರಿ

ಯಾವ ಯೋಜನೆಯಾದರೂ ಯಂತ್ರ ಕೊಡಿಸುತ್ತದೆ, ಗೋಡೆ ಕಟ್ಟಿಸುತ್ತದೆ. ಬೆಸ್ಕಾಂ ಬಿಲ್ ಕಟ್ಟುವುದಿಲ್ಲ. ಬಾಡಿಗೆ ಮನೆಯವರಿಗೆ ಪ್ರತಿ ತಿಂಗಳು ದುಡ್ಡು ಕೊಡುವುದಿಲ್ಲ. ಬೀಗ ಬಿದ್ದಿರುವ ಸಾಮೂಹಿಕ ಘಟಕಗಳನ್ನು ನೋಡಿದರೆ ಯಂತ್ರಗಳು ಚೆನ್ನಾಗಿಯೇ ಇರುತ್ತವೆ. ಅವನ್ನು ದಿನಾ ಓಡಿಸುವಷ್ಟು ಕೆಲಸ ಇರಲಿಲ್ಲ, ಅಷ್ಟೆ. ಆದ್ದರಿಂದ ಯೋಜನೆ ಆರಿಸುವಾಗ ಸಬ್ಸಿಡಿ ಎಷ್ಟು ಪರ್ಸೆಂಟ್ ಎನ್ನುವುದಕ್ಕಿಂತ ಮೊದಲು ಈ ಅಡುಗೆಮನೆ ತಿಂಗಳಿಗೆ ಎಷ್ಟು ಗಂಟೆ ಓಡುತ್ತದೆ ಎಂದು ಕೇಳಿಕೊಳ್ಳಬೇಕು. ನಾನು ಈ ಬರಹದಲ್ಲಿ ಒಂದೇ ಮಾತು ಒತ್ತಿ ಹೇಳಬೇಕೆಂದರೆ ಇದನ್ನೇ ಹೇಳುತ್ತೇನೆ.

ಒಂದು ಉದಾಹರಣೆ ಲೆಕ್ಕ ನೋಡೋಣ. ಬಾಡಿಗೆ 12,000 ರೂಪಾಯಿ, ಕರೆಂಟು 6,000, ತೊಳೆದು ಬಳಿದು ನೋಡಿಕೊಳ್ಳುವವರಿಗೆ 9,000, ನೀರು ಮತ್ತು ರಿಪೇರಿಗೆ 3,000. ಒಟ್ಟು 30,000. ಗ್ಯಾಸ್ ಅವರವರು ಬಳಸಿದಷ್ಟು ಅವರವರೇ ಕೊಡಲಿ. ಗಂಟೆಗೆ 150 ರೂಪಾಯಿ ಇಟ್ಟರೆ ತಿಂಗಳಿಗೆ 200 ಗಂಟೆ ಬಳಕೆ ಆಗಲೇಬೇಕು. ಆರು ಜನ, ಒಬ್ಬೊಬ್ಬರು ವಾರಕ್ಕೆ ಎರಡು ದಿನ, ದಿನಕ್ಕೆ ನಾಲ್ಕು ಗಂಟೆ ಬಂದರೆ ಹೆಚ್ಚುಕಮ್ಮಿ ಅಷ್ಟಾಗುತ್ತದೆ.

ಈಗ ಬಳಸುವವರ ಕಡೆಯಿಂದ ನೋಡಿ. ನಾಲ್ಕು ಗಂಟೆಗೆ 600 ರೂಪಾಯಿ. ಆ ಹೊತ್ತಲ್ಲಿ 20 ಕೆಜಿ ರಾಗಿ ಹುರಿಹಿಟ್ಟು ತಯಾರಾದರೆ ಕೆಜಿಗೆ 30 ರೂಪಾಯಿ ಅಡುಗೆಮನೆ ಖರ್ಚು ಬಿತ್ತು. ಅದನ್ನು ಹೊರುವ ಬೆಲೆಗೆ ಮಾಲು ಮಾರಾಟವಾಗುತ್ತದೆಯೇ? ಹುರಿಹಿಟ್ಟಿಗೆ ಆಗಬಹುದು, ಸಾದಾ ರಾಗಿಹಿಟ್ಟಿಗೆ ಕಷ್ಟ. ನಿಮ್ಮ ಊರಿನ ಬಾಡಿಗೆ, ನಿಮ್ಮ ಮಾಲಿನ ಬೆಲೆ ಹಾಕಿ ಇದೇ ಲೆಕ್ಕ ಮಾಡಿ. ಬಳಸಲು ಬರುತ್ತೇನೆ ಎನ್ನುವವರು ಇಬ್ಬರೇ ಇದ್ದರೆ ಕೋಟಿ ರೂಪಾಯಿಯ ನೆರವು ಬಂದರೂ ಆ ಅಡುಗೆಮನೆ ಉಳಿಯುವುದಿಲ್ಲ.

ಇರುವ ಅಡುಗೆಮನೆಯನ್ನು ಬಾಡಿಗೆಗೆ ಹಿಡಿಯುವುದು

ಇದಕ್ಕೆ ಯಾವ ಅನುದಾನವೂ ಬೇಡ. ಆದರೂ ಮೊದಲ ಆಯ್ಕೆಯಾಗಿ ಇಟ್ಟಿದ್ದೇನೆ. ಯಾಕೆಂದರೆ ಮುಂದೆ ಬರುವ ಎಲ್ಲ ಆಯ್ಕೆಗಳಿಗೂ ಬೇಕಾದ ಅನುಭವ ಇಲ್ಲಿ ಸಿಗುತ್ತದೆ.

ನಮ್ಮ ಊರುಗಳಲ್ಲಿ ಸುಮ್ನೆ ಖಾಲಿ ಬಿದ್ದಿರುವ ದೊಡ್ಡ ಅಡುಗೆಮನೆಗಳು ಬಹಳ ಇವೆ, ಅಲ್ವಾ? ಕಲ್ಯಾಣ ಮಂಟಪಗಳನ್ನೇ ನೋಡಿ. ದೊಡ್ಡ ಒಲೆ, ನೀರಿನ ತೊಟ್ಟಿ, ಗ್ರೈಂಡರ್, ಉಗ್ರಾಣ ಎಲ್ಲ ಇರುತ್ತದೆ. ಆಷಾಢದಲ್ಲಿ, ಧನುರ್ಮಾಸದಲ್ಲಿ ಮುಹೂರ್ತವಿಲ್ಲ. ಉಳಿದ ತಿಂಗಳಲ್ಲೂ ವಾರದ ಮಧ್ಯೆ ಖಾಲಿ. ಮಾಲೀಕರಿಗೂ ನಾಲ್ಕು ಕಾಸು ಬರುತ್ತದೆ ಎಂದರೆ ಮಾತಾಡಲು ಸಿಗುತ್ತಾರೆ.

ತೊಂದರೆಯೂ ಇದೆ. ಮದುವೆ ಸೀಸನ್‌ನಲ್ಲಿ ನಿಮಗೂ ಚಕ್ಕುಲಿ, ನಿಪ್ಪಟ್ಟಿನ ಆರ್ಡರ್ ಜಾಸ್ತಿ. ಅದೇ ದಿನಗಳಲ್ಲಿ ಮಂಟಪ ಸಿಗುವುದಿಲ್ಲ. ಹಾಗಾಗಿ ಇದು ಮುಂಚೆಯೇ ಮಾಡಿಡಬಹುದಾದ ಪುಡಿ, ಹಪ್ಪಳ, ಸಂಡಿಗೆ, ಹುರಿಹಿಟ್ಟುಗಳಿಗೆ ಸರಿ. ಆವತ್ತೇ ಮಾಡಿ ಆವತ್ತೇ ಕೊಡಬೇಕಾದ ಹೋಳಿಗೆ, ಕಜ್ಜಾಯಕ್ಕೆ ಸರಿಹೋಗುವುದಿಲ್ಲ. ಇನ್ನೊಂದು ವಿಷಯ, ಬಾಯಿಮಾತಿನ ಬಾಡಿಗೆ ಬೇಡ. ಆಹಾರ ನೋಂದಣಿಗೆ ಜಾಗದ ದಾಖಲೆ ಬೇಕು. ಕರಾರು ಪತ್ರ, ಮಾಲೀಕರ ಒಪ್ಪಿಗೆ ಪತ್ರ ಎರಡನ್ನೂ ಬರೆಸಿಕೊಳ್ಳಿ.

ತರಬೇತಿಗೆ ಜಿಲ್ಲೆಯಲ್ಲೇ ಎರಡು ಕೃಷಿ ವಿಜ್ಞಾನ ಕೇಂದ್ರಗಳಿವೆ. ಒಂದು ಹಿರೇಹಳ್ಳಿಯಲ್ಲಿ, ಇನ್ನೊಂದು ತಿಪಟೂರು ತಾಲೂಕಿನ ಕೊನೇಹಳ್ಳಿಯಲ್ಲಿ. ಕೋಲಾರದವರಿಗೆ ಟಮಕದಲ್ಲಿ, ಚಿಕ್ಕಬಳ್ಳಾಪುರದವರಿಗೆ ಚಿಂತಾಮಣಿ ಹತ್ತಿರದ ಕುರುಬೂರಿನಲ್ಲಿ ಇವೆ. ಮೌಲ್ಯವರ್ಧನೆಯ ತರಬೇತಿ ಇಲ್ಲಿ ನಡೆಯುತ್ತದೆ. ಮಾಲು ಎಷ್ಟು ದಿನ ಕೆಡದೆ ಇರುತ್ತದೆ, ತೇವಾಂಶ ಎಷ್ಟಿರಬೇಕು ಎಂಬಂಥ ಪ್ರಶ್ನೆಗೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ. ಒಬ್ಬರೇ ಹೋಗುವ ಬದಲು ಆರು ಜನರ ಗುಂಪಾಗಿ ಹೋಗಿ ಕೇಳಿ, ಮಾತಿಗೆ ತೂಕ ಬರುತ್ತದೆ.

ಸ್ವಸಹಾಯ ಸಂಘದ ಬೀಜಧನ

ಪ್ರಧಾನ ಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಯೋಜನೆ 2020ರ ಜೂನ್‌ನಲ್ಲಿ ಶುರುವಾಯಿತು. ಎಲ್ಲರೂ ಪಿಎಂಎಫ್‌ಎಂಇ ಅಂತಲೇ ಕರೆಯುತ್ತಾರೆ. ಕರ್ನಾಟಕದಲ್ಲಿ ಇದನ್ನು ನೋಡಿಕೊಳ್ಳುವ ನೋಡಲ್ ಸಂಸ್ಥೆ ಕೆಪೆಕ್, ಅಂದರೆ ರಾಜ್ಯದ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ. ಜಿಲ್ಲೆಯಲ್ಲಿ ಜಂಟಿ ಕೃಷಿ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಬೇಕು. ಒಂದೇ ಯೋಜನೆಯೊಳಗೆ ಮೂರು ಬೇರೆ ಬೇರೆ ಬಾಗಿಲುಗಳಿವೆ. ಜನ ಗೊಂದಲ ಮಾಡಿಕೊಳ್ಳುವುದು ಇಲ್ಲೇ.

ಮೊದಲ ಬಾಗಿಲು ಬೀಜಧನ. ಆಗಲೇ ತಿಂಡಿ-ತಿನಿಸು ಮಾಡುತ್ತಿರುವ ಸ್ವಸಹಾಯ ಸಂಘದ ಸದಸ್ಯೆಯರಿಗೆ ತಲಾ 40,000 ರೂಪಾಯಿವರೆಗೆ, ಒಂದು ಸಂಘದಲ್ಲಿ ಹೆಚ್ಚೆಂದರೆ ಹತ್ತು ಜನಕ್ಕೆ. ಸಣ್ಣ ಉಪಕರಣ ಮತ್ತು ದುಡಿಯುವ ಬಂಡವಾಳ ಎರಡಕ್ಕೂ ಬಳಸಬಹುದು. ರಾಜ್ಯದ ಗ್ರಾಮೀಣ ಜೀವನೋಪಾಯ ಯೋಜನೆಯಾದ ಸಂಜೀವಿನಿ ಮೂಲಕ ಬರುತ್ತದೆ. ಸರ್ಕಾರ ಈ ಹಣವನ್ನು ಸ್ವಸಹಾಯ ಸಂಘಗಳ ಒಕ್ಕೂಟಕ್ಕೆ ಅನುದಾನವಾಗಿ ಕೊಡುತ್ತದೆ. ಒಕ್ಕೂಟದಿಂದ ಸದಸ್ಯೆಗೆ ಬರುವಾಗ ಅದು ಸಾಲ. ಆಕೆ ಅದನ್ನು ಸಂಘಕ್ಕೆ ವಾಪಸ್ ಕಟ್ಟಬೇಕು. ಕಟ್ಟಿದ ದುಡ್ಡು ಊರಲ್ಲೇ ಉಳಿದು ಇನ್ನೊಬ್ಬಳಿಗೆ ಸಿಗುತ್ತದೆ. ನನಗೆ ಈ ವ್ಯವಸ್ಥೆ ತುಂಬಾ ಇಷ್ಟ.

ಇದೊಂದರಿಂದ ಅಡುಗೆಮನೆ ಕಟ್ಟಲು ಆಗುವುದಿಲ್ಲ. ಆದರೆ ಬಾಡಿಗೆ ಅಡುಗೆಮನೆಯ ಜೊತೆ ಇದನ್ನು ಸೇರಿಸಿ ನೋಡಿ. ಆರು ಜನರ ಪಾಲು ಸೇರಿದರೆ 2.4 ಲಕ್ಷ. ಒಂದು ಪಲ್ವರೈಸರ್ (ಪುಡಿ ಮಾಡುವ ಯಂತ್ರ), ಒಂದು ಸೀಲಿಂಗ್ ಮಷಿನ್, ತೂಕದ ಯಂತ್ರ, ಸ್ಟೀಲ್ ಟೇಬಲ್, ಜೊತೆಗೆ ಮೊದಲ ತಿಂಗಳ ಕಚ್ಚಾಮಾಲು. ಶುರು ಮಾಡಲು ಇಷ್ಟು ಸಾಕು. ಯಂತ್ರ ಯಾರ ಹೆಸರಲ್ಲಿ, ಕೆಟ್ಟರೆ ರಿಪೇರಿ ಯಾರದ್ದು ಎಂಬುದನ್ನು ಸಂಘದ ನಡಾವಳಿ ಪುಸ್ತಕದಲ್ಲಿ ಮೊದಲ ದಿನವೇ ಬರೆದು ಸಹಿ ಹಾಕಿಸಿ. ಜಗಳ ಬಂದ ಮೇಲೆ ಬರೆಯಲು ಕೂತರೆ ಯಾರೂ ಸಹಿ ಹಾಕುವುದಿಲ್ಲ.

ಒಬ್ಬರ ಹೆಸರಲ್ಲಿ ಘಟಕ, ಉಳಿದವರಿಗೆ ಬಾಡಿಗೆಗೆ

ಗುಂಪಿನಲ್ಲಿ ಒಬ್ಬರಿಗೆ ಜಾಗವಿದೆ, ಸಾಲ ಹೊರುವ ಧೈರ್ಯವಿದೆ ಎಂದುಕೊಳ್ಳೋಣ. ಅವರ ಹೆಸರಲ್ಲಿ ಘಟಕ ಮಾಡಿ, ಅವರು ಕೆಲಸ ಮಾಡದ ಹೊತ್ತಲ್ಲಿ ಉಳಿದವರು ಗಂಟೆ ಲೆಕ್ಕದಲ್ಲಿ ಬಳಸಬಹುದು. ಇಲ್ಲಿ ಎರಡು ಯೋಜನೆಗಳು ಎದುರುಬದುರು ನಿಲ್ಲುತ್ತವೆ. ಪಿಎಂಎಫ್‌ಎಂಇಯ ಎರಡನೇ ಬಾಗಿಲು ಒಂದು. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಸಿಗುವ ಪಿಎಂಇಜಿಪಿ, ಅಂದರೆ ಪ್ರಧಾನ ಮಂತ್ರಿ ಉದ್ಯೋಗ ಸೃಷ್ಟಿ ಯೋಜನೆ ಇನ್ನೊಂದು.

ಪಿಎಂಎಫ್‌ಎಂಇಯಲ್ಲಿ ಕೇಂದ್ರದ ಸಬ್ಸಿಡಿ 35%. ಕರ್ನಾಟಕ ಸರ್ಕಾರ ಇದಕ್ಕೆ 15% ಸೇರಿಸುತ್ತದೆ. ಒಟ್ಟು 50%, ಗರಿಷ್ಠ 15 ಲಕ್ಷ. ಪಿಎಂಇಜಿಪಿಯಲ್ಲಿ ಹಳ್ಳಿಯಲ್ಲಿ ಘಟಕ ಮಾಡುವ ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗದವರಂಥ ವಿಶೇಷ ವರ್ಗಕ್ಕೆ 35%, ಸಾಮಾನ್ಯ ವರ್ಗಕ್ಕೆ 25%. ಪಟ್ಟಣದಲ್ಲಾದರೆ 25% ಮತ್ತು 15%. ತಯಾರಿಕಾ ಘಟಕದ ಗರಿಷ್ಠ ವೆಚ್ಚ 50 ಲಕ್ಷ.

ಗುಬ್ಬಿ ತಾಲೂಕಿನ ಹಳ್ಳಿಯೊಂದರಲ್ಲಿ ಒಬ್ಬ ಮಹಿಳೆ 10 ಲಕ್ಷದ ಘಟಕ ಮಾಡುತ್ತಾರೆ ಎಂದಿಟ್ಟುಕೊಳ್ಳಿ. ಪಿಎಂಎಫ್‌ಎಂಇಯಲ್ಲಿ ಕೈಯಿಂದ ಹಾಕಬೇಕಾದ್ದು 10%, ಅಂದರೆ 1 ಲಕ್ಷ. ಬ್ಯಾಂಕ್ 9 ಲಕ್ಷ ಕೊಡುತ್ತದೆ. ಅದರಲ್ಲಿ 5 ಲಕ್ಷ ಸಬ್ಸಿಡಿಯಾಗಿ ಬರುತ್ತದೆ. ಕೊನೆಗೆ ತಲೆಯ ಮೇಲೆ ಉಳಿಯುವುದು 4 ಲಕ್ಷ ಸಾಲ. ಪಿಎಂಇಜಿಪಿಯಲ್ಲಿ ಕೈಯಿಂದ 5%, ಅಂದರೆ 50,000 ಸಾಕು. ಸಬ್ಸಿಡಿ 3.5 ಲಕ್ಷ. ಉಳಿಯುವ ಸಾಲ 6 ಲಕ್ಷ.

ಕಾಗದದ ಮೇಲೆ ಪಿಎಂಎಫ್‌ಎಂಇ ಗೆದ್ದಂತೆ ಕಾಣುತ್ತದೆ. ಬಹಳ ಮಂದಿಗೆ ಅದೇ ಸರಿಯೂ ಹೌದು. ಆದರೆ ಅದರ ಸಬ್ಸಿಡಿ ಯಂತ್ರ ಮತ್ತು ಅದಕ್ಕೆ ಸಂಬಂಧಪಟ್ಟ ಕಟ್ಟಡ ಕೆಲಸಕ್ಕೆ. ಕಟ್ಟಡ ಕೆಲಸದ ಪಾಲು 30% ಮೀರುವಂತಿಲ್ಲ. ಕಡಲೆಕಾಯಿ ಸುಗ್ಗಿಯಲ್ಲಿ ಒಮ್ಮೆಗೇ ಕೊಂಡಿಡಲು ಬೇಕಾಗುವ ದುಡಿಯುವ ಬಂಡವಾಳವನ್ನು ಬೇರೆ ನೋಡಿಕೊಳ್ಳಬೇಕು. ಪಿಎಂಇಜಿಪಿಯಲ್ಲಿ ದುಡಿಯುವ ಬಂಡವಾಳವನ್ನೂ ಯೋಜನಾ ವೆಚ್ಚದಲ್ಲಿ ತೋರಿಸಬಹುದು. ಕೈಯಲ್ಲಿ ಕಾಸು ಕಮ್ಮಿ ಇರುವವರಿಗೆ ಇದು ದೊಡ್ಡ ವ್ಯತ್ಯಾಸ. ಭೂಮಿಯ ಬೆಲೆ ಎರಡರಲ್ಲೂ ಸೇರುವುದಿಲ್ಲ.

ಇನ್ನೊಂದು ವ್ಯತ್ಯಾಸ ನೆನಪಿರಲಿ. ಪಿಎಂಇಜಿಪಿಯ ಮೊದಲ ಸಾಲ ಹೊಸ ಘಟಕಕ್ಕೆ ಮಾತ್ರ. ಸರ್ಕಾರದ ಬೇರೆ ಸಬ್ಸಿಡಿ ಪಡೆದ ಘಟಕಕ್ಕೆ ಅದು ಸಿಗುವುದಿಲ್ಲ. ಆಗಲೇ ಸಣ್ಣದಾಗಿ ನಡೆಸುತ್ತಿದ್ದು ಈಗ ದೊಡ್ಡದು ಮಾಡುವವರಿಗೆ ಪಿಎಂಎಫ್‌ಎಂಇಯೇ ದಾರಿ. ಪಿಎಂಇಜಿಪಿಯಲ್ಲಿ 10 ಲಕ್ಷ ಮೀರಿದ ತಯಾರಿಕಾ ಘಟಕಕ್ಕೆ ಎಂಟನೇ ತರಗತಿ ಪಾಸಾಗಿರಬೇಕು. ಪಿಎಂಎಫ್‌ಎಂಇಯಲ್ಲಿ ಒಂದು ಕುಟುಂಬಕ್ಕೆ ಒಬ್ಬರೇ. ಹಾಗಾಗಿ ಮನೆಯಲ್ಲಿ ಯಾರ ಹೆಸರಲ್ಲಿ ಅರ್ಜಿ ಎಂದು ಕೂತು ಮಾತಾಡಿ. ಕೆಲಸ ಮಾಡುವವಳು ಹೆಂಡತಿ, ಅರ್ಜಿ ಗಂಡನ ಹೆಸರಲ್ಲಿ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ದುಡಿಯುವವರ ಹೆಸರಲ್ಲೇ ಘಟಕ ಇರಲಿ.

ಎರಡೂ ಯೋಜನೆಗಳಲ್ಲಿ ಸಬ್ಸಿಡಿ ದುಡ್ಡು ನಿಮ್ಮ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲಿ ನಿಮ್ಮ ಹೆಸರಿನ ಬೇರೆ ಖಾತೆಯಲ್ಲಿ ಮೂರು ವರ್ಷ ಕೂತಿರುತ್ತದೆ. ಅಷ್ಟು ಮೊತ್ತದ ಸಾಲಕ್ಕೆ ಬಡ್ಡಿ ಹಾಕುವಂತಿಲ್ಲ. ಮೂರು ವರ್ಷ ಕಂತು ಸರಿಯಾಗಿ ಕಟ್ಟಿ, ಘಟಕವೂ ನಡೆಯುತ್ತಿದ್ದರೆ ಆಗ ಸಾಲಕ್ಕೆ ಹೊಂದಿಸುತ್ತಾರೆ. ನಡುವೆ ಮುಚ್ಚಿದರೆ ಅದು ಕೈತಪ್ಪುತ್ತದೆ. ಮೊದಲು ಹೇಳಿದ 200 ಗಂಟೆ ಲೆಕ್ಕ ಇಲ್ಲಿ ಕೆಲಸಕ್ಕೆ ಬರುವುದು ಹೀಗೆ.

ಜಾಮೀನಿಗೆ ಆಸ್ತಿ ಇಲ್ಲ ಎಂದು ಹಿಂದೆ ಸರಿಯಬೇಡಿ. ಸಣ್ಣ ಉದ್ಯಮಗಳಿಗೆ 10 ಲಕ್ಷದವರೆಗಿನ ಸಾಲಕ್ಕೆ ಆಸ್ತಿ ಅಡಮಾನ ಕೇಳಬಾರದು ಎಂದು ರಿಸರ್ವ್ ಬ್ಯಾಂಕ್ ನಿಯಮವಿದೆ. ಪಿಎಂಎಫ್‌ಎಂಇ ಅರ್ಜಿ, ಯೋಜನಾ ವರದಿ ತಯಾರಿಸಲು ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳಿದ್ದಾರೆ. ಅವರಿಗೆ ಯೋಜನೆಯಿಂದಲೇ ಸಂಭಾವನೆ ಬರುತ್ತದೆ. ನೀವು ಏನೂ ಕೊಡಬೇಕಿಲ್ಲ. ಸಣ್ಣ ಉದ್ಯಮಗಳು ಸರ್ಕಾರದಲ್ಲಿ ಮಾಡಿಸುವ ಉದ್ಯಮ್ ನೋಂದಣಿಯೂ ಉಚಿತ. ಇವೆರಡಕ್ಕೆ ಯಾರಾದರೂ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಒಬ್ಬರ ಹೆಸರಿನ ಘಟಕದಲ್ಲಿ ಉಳಿದವರಿಗೆ ಒಂದು ಅಪಾಯ ಇದ್ದೇ ಇದೆ. ಮಾಲೀಕರ ಸ್ವಂತ ಆರ್ಡರ್ ಜಾಸ್ತಿಯಾದ ದಿನ ಬಾಡಿಗೆಯವರು ಹೊರಗೆ. ಅದಕ್ಕೇ ವಾರದ ಯಾವ ದಿನ, ಯಾವ ಹೊತ್ತು ಯಾರದ್ದು ಎಂದು ವರ್ಷದ ಕರಾರು ಮಾಡಿಕೊಳ್ಳಬೇಕು. ಮಾಲೀಕರಿಗೂ ಇದು ಒಳ್ಳೆಯದೇ, ಕಂತು ಕಟ್ಟಲು ಖಚಿತವಾದ ಬಾಡಿಗೆ ಬರುತ್ತದೆ.

ಎಲ್ಲರಿಗೂ ಸೇರಿದ ಸಾಮಾನ್ಯ ಸೌಲಭ್ಯ ಕೇಂದ್ರ

ಪಿಎಂಎಫ್‌ಎಂಇಯ ಮೂರನೇ ಬಾಗಿಲು ಇದು. ನಿಜವಾದ ಅರ್ಥದ ಕಾಮನ್ ಕಿಚನ್‌ಗೆ ಹೆಚ್ಚು ಹತ್ತಿರ. ಸ್ವಸಹಾಯ ಸಂಘಗಳು, ಒಕ್ಕೂಟಗಳು, ರೈತ ಉತ್ಪಾದಕರ ಕಂಪನಿಗಳು, ಸಹಕಾರ ಸಂಘಗಳು ಅರ್ಜಿ ಹಾಕಬಹುದು. ಸಬ್ಸಿಡಿ 35%, ಗರಿಷ್ಠ 3 ಕೋಟಿ. ಇದೂ ಸಾಲದ ಜೊತೆಗಿನದ್ದೇ. ಒಂದೋ ಎರಡೋ ತಯಾರಿಕಾ ಲೈನ್ ಹಾಕಿ, ಸಣ್ಣ ಉದ್ಯಮದವರಿಗೆ ಬಾಡಿಗೆಗೆ ಕೊಡುವ ಕೇಂದ್ರಕ್ಕೆ ಮಾರ್ಗಸೂಚಿಯಲ್ಲೇ ಅವಕಾಶವಿದೆ.

ಜಿಲ್ಲೆಗೊಂದು ಉತ್ಪನ್ನ ಎಂಬ ಪಟ್ಟಿಯಲ್ಲಿ ತುಮಕೂರಿಗೆ ತೆಂಗು, ಕೋಲಾರಕ್ಕೆ ಟೊಮ್ಯಾಟೊ ಇದೆ. ಸಾಮಾನ್ಯ ಸೌಲಭ್ಯಕ್ಕೆ ಈ ಉತ್ಪನ್ನಗಳಿಗೆ ಮೊದಲ ಆದ್ಯತೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರು ತೆಂಗಿನ ಪುಡಿ, ಎಣ್ಣೆ, ಕೊಬ್ಬರಿ ಮಿಠಾಯಿಯ ಸುತ್ತ ಯೋಜನೆ ಹೆಣೆದರೆ ಅರ್ಜಿ ಗಟ್ಟಿಯಾಗುತ್ತದೆ.

ಆದರೆ ತೆಂಗಿನ ಲೈನ್ ಹಾಕಿದ ಜಾಗದಲ್ಲಿ ಹುಳಿಪುಡಿ ಮಾಡುವವರಿಗೆ, ಹುರಿಹಿಟ್ಟು ಮಾಡುವವರಿಗೆ ಏನು ಸಿಗುತ್ತದೆ? ಇದನ್ನು ಯೋಜನಾ ವರದಿ ಬರೆಯುವಾಗಲೇ ಯೋಚಿಸಬೇಕು. ಯಂತ್ರ ಮಾರುವವರು ತಮ್ಮ ಪಟ್ಟಿಯನ್ನೇ ವರದಿಯಾಗಿ ಬರೆದುಕೊಡಲು ಮುಂದೆ ಬರುತ್ತಾರೆ. ಒಪ್ಪಬೇಡಿ. ದೊಡ್ಡ ಎಣ್ಣೆ ತೆಗೆಯುವ ಯಂತ್ರಕ್ಕಿಂತ ಹುರಿಯುವ ಯಂತ್ರ, ಪಲ್ವರೈಸರ್, ಡ್ರೈಯರ್, ಪ್ಯಾಕಿಂಗ್ ಟೇಬಲ್ ಹೆಚ್ಚು ಜನರ ಕೈಗೆ ದುಡಿಯುತ್ತವೆ. ಒದ್ದೆ ಕೆಲಸದ ಕೋಣೆ ಬೇರೆ, ಪುಡಿ ಮತ್ತು ಪ್ಯಾಕಿಂಗ್ ಕೋಣೆ ಬೇರೆ ಇರಬೇಕು. ಉಪ್ಪಿನಕಾಯಿ, ಕಾಯಿ ತುರಿ ಒಂದು ಕಡೆ. ಹಿಟ್ಟು, ಚಟ್ನಿಪುಡಿ ಇನ್ನೊಂದು ಕಡೆ. ಆವಿ ಹಿಡಿದರೆ ಪುಡಿ ಗಂಟು ಕಟ್ಟುತ್ತದೆ, ಬೂಸ್ಟು ಬರುತ್ತದೆ. ಕಡಲೆಕಾಯಿ ಪುಡಿ ಮಾಡಿದ ಯಂತ್ರದಲ್ಲೇ ಮಕ್ಕಳ ರಾಗಿ ಮಾಲ್ಟ್ ಮಾಡುವುದಾದರೆ ಪೂರ್ತಿ ತೊಳೆದು ಒಣಗಿಸಲೇಬೇಕು. ಕಡಲೆಕಾಯಿ ಒಗ್ಗದ ಮಕ್ಕಳಿರುತ್ತಾರೆ, ಪೊಟ್ಟಣದ ಮೇಲೆ ಅದನ್ನು ಬರೆಯಲೂ ಬೇಕು.

ಈ ದಾರಿಯ ಬಲ ಏನೆಂದರೆ ಜಾಗ, ಯಂತ್ರ ಯಾರೊಬ್ಬರದ್ದೂ ಅಲ್ಲ. ಯಾರೂ ಯಾರನ್ನೂ ಹೊರಗೆ ಹಾಕಲಾಗದು. ಭಾರ ಏನೆಂದರೆ ಸಾಲ ಎಲ್ಲರದ್ದು, ಜವಾಬ್ದಾರಿ ಹೊರುವವರು ಮಾತ್ರ ಇಬ್ಬರು ಮೂವರು. ಒಕ್ಕೂಟದ ಅಧ್ಯಕ್ಷೆ ಬದಲಾದರೆ ಅಡುಗೆಮನೆಯ ನಡತೆಯೇ ಬದಲಾಗುತ್ತದೆ. ಒಬ್ಬ ಮ್ಯಾನೇಜರ್‌ಗೆ ಸಂಬಳ ಕೊಡುವಷ್ಟು ಆದಾಯ ಕಾಣದಿದ್ದರೆ ಈ ಬಾಗಿಲು ತಟ್ಟಬೇಡಿ ಎಂದೇ ನನ್ನ ಸಲಹೆ. ಹತ್ತು-ಹನ್ನೆರಡು ಜನ ಖಾಯಂ ಬಳಕೆದಾರರು, ಎರಡು ವರ್ಷದ ಮಾರಾಟದ ಲೆಕ್ಕ, ಬ್ಯಾಂಕಿನಲ್ಲಿ ಒಳ್ಳೆ ಹೆಸರು ಇರುವ ಒಕ್ಕೂಟವಾದರೆ ಖಂಡಿತ ಹೋಗಿ.

ಇದೇ ಯೋಜನೆಯಲ್ಲಿ ಗುಂಪುಗಳ ಬ್ರ್ಯಾಂಡಿಂಗ್ ಮತ್ತು ಮಾರುಕಟ್ಟೆಗೆ 50% ನೆರವಿದೆ. ಮಾಲು ಒಂದೇ ಗುಣಮಟ್ಟದಲ್ಲಿ ಬರಲು ಶುರುವಾದ ಮೇಲೆ ಅದನ್ನು ಕೇಳಿ, ಅದಕ್ಕೂ ಮೊದಲು ಬೇಡ.

ಕಂಪನಿಗಳ ಸಿಎಸ್‌ಆರ್ ಹಣ

ಸಾಲವಿಲ್ಲದ ದುಡ್ಡು ಬೇಕೆಂದರೆ ಇದು ಮುಖ್ಯವಾದ ದಾರಿ. ಕಂಪನಿ ಕಾಯ್ದೆ 2013ರ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2% ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಇದೇ ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ. ತಾವು ಕೆಲಸ ಮಾಡುವ ಸುತ್ತಮುತ್ತಲ ಜಾಗಕ್ಕೆ ಆದ್ಯತೆ ಕೊಡಬೇಕು ಎಂದೂ ಅದೇ ಕಾಯ್ದೆ ಹೇಳುತ್ತದೆ. ತುಮಕೂರಿಗೆ ವಸಂತನರಸಾಪುರ ಕೈಗಾರಿಕಾ ಪ್ರದೇಶ ಇದೆ. ಕೋಲಾರಕ್ಕೆ ನರಸಾಪುರ, ವೇಮಗಲ್ ಇವೆ. ಕೇಳಲು ನಮಗೆ ಹಕ್ಕಿನಂಥ ಕಾರಣವಿದೆ.

ಸಂಘವೊಂದು ನೇರವಾಗಿ ಹೋಗಿ ಕೇಳಿದರೆ ಕೆಲಸ ಆಗುವುದು ಕಷ್ಟ. ಕಂಪನಿಗಳು ಸಾಮಾನ್ಯವಾಗಿ ಮೂರು ವರ್ಷದ ಅನುಭವವಿರುವ, ಸಿಎಸ್‌ಆರ್ ನೋಂದಣಿ ಇರುವ ಟ್ರಸ್ಟ್ ಅಥವಾ ಸಂಸ್ಥೆಯ ಮೂಲಕ ಕೊಡುತ್ತವೆ. ಅಂಥ ಸಂಸ್ಥೆಯ ಜೊತೆ ಸೇರಬೇಕು. ಸೇರುವಾಗ ಒಂದು ಮಾತು ಗಟ್ಟಿಯಾಗಿ ಕೇಳಿ: ಯಂತ್ರಗಳು ಯಾರ ಹೆಸರಲ್ಲಿ? 2021ರ ನಿಯಮದ ಪ್ರಕಾರ ಸಿಎಸ್‌ಆರ್ ಹಣದಿಂದ ಆದ ಆಸ್ತಿಯನ್ನು ಫಲಾನುಭವಿಗಳ ಸ್ವಸಹಾಯ ಸಂಘವೇ ಹೊಂದಬಹುದು. ಟ್ರಸ್ಟ್ ಹೆಸರಲ್ಲೇ ಇರಬೇಕೆಂದೇನಿಲ್ಲ. ಕರಾರಿನಲ್ಲಿ ಇದನ್ನು ಬರೆಸಿ.

ಸಿಎಸ್‌ಆರ್ ಹಣ ಒಂದು ಸಲದ್ದು. ಮುಂದಿನ ವರ್ಷ ಕಂಪನಿಯ ಗಮನ ಶಾಲೆಗೋ ಕೆರೆಗೋ ಹೋಗಬಹುದು. ಅದಕ್ಕೇ ಯಂತ್ರ, ಒಳಾಂಗಣ, ನೀರಿನ ಶುದ್ಧೀಕರಣದಂಥ ಒಂದೇ ಸಲದ ಖರ್ಚಿಗೆ ಇದನ್ನು ಇಟ್ಟುಕೊಳ್ಳಿ. ತಿಂಗಳ ಖರ್ಚಿಗೆ ಇದನ್ನು ನಂಬಬಾರದು.

ಉಳಿದವು, ಚುಟುಕಾಗಿ

ಕೃಷಿ ಮೂಲಸೌಕರ್ಯ ನಿಧಿ: ಇದು ಅನುದಾನವಲ್ಲ, ಬಡ್ಡಿ ರಿಯಾಯಿತಿ. 2 ಕೋಟಿವರೆಗಿನ ಸಾಲಕ್ಕೆ ಏಳು ವರ್ಷ 3% ಬಡ್ಡಿ ಕಡಿಮೆ. ಸಾಮಾನ್ಯ ಸೌಲಭ್ಯ ಕೇಂದ್ರ ಮಾಡುವ ರೈತ ಕಂಪನಿಗಳು ಪಿಎಂಎಫ್‌ಎಂಇ ಸಬ್ಸಿಡಿಯ ಜೊತೆಗೇ ಇದನ್ನೂ ಪಡೆಯಬಹುದು. ಬ್ಯಾಂಕಿನವರು ತಾವಾಗಿ ಹೇಳದಿದ್ದರೆ ನೀವೇ ಕೇಳಿ.

ಉದ್ಯೋಗಿನಿ: ಮಹಿಳಾ ಅಭಿವೃದ್ಧಿ ನಿಗಮದ್ದು. 3 ಲಕ್ಷದವರೆಗಿನ ಘಟಕಕ್ಕೆ ಪರಿಶಿಷ್ಟ ಜಾತಿ, ಪಂಗಡದ ಮಹಿಳೆಯರಿಗೆ 50%, ಉಳಿದವರಿಗೆ 30% ಸಹಾಯಧನ. ಆದಾಯ ಮಿತಿ ಇದೆ. ಬಾಡಿಗೆ ಅಡುಗೆಮನೆಯಲ್ಲಿ ಶುರು ಮಾಡಿ, ಸ್ವಂತದ್ದೊಂದು ಯಂತ್ರ ಕೊಳ್ಳುವ ಒಬ್ಬಂಟಿ ಮಹಿಳೆಗೆ ಚೆನ್ನಾಗಿ ಹೊಂದುತ್ತದೆ.

ಎಲಿವೇಟ್: ರಾಜ್ಯದ ಸ್ಟಾರ್ಟಪ್ ಅನುದಾನ, 50 ಲಕ್ಷದವರೆಗೆ. ಹೊಸ ತಂತ್ರಜ್ಞಾನ, ಹೊಸ ಆವಿಷ್ಕಾರ ಇದ್ದವರಿಗೆ. ಅಜ್ಜಿ ಕಲಿಸಿದ ಸಾಂಬಾರ್ ಪುಡಿಗೆ ಇದು ಹೊಂದುವುದಿಲ್ಲ. ಹಲಸಿನ ಬೀಜದಿಂದ ಹೊಸ ಪದಾರ್ಥ ಮಾಡುವ ವಿಧಾನ ಕಂಡುಹಿಡಿದಿದ್ದರೆ ನೋಡಿ.

ಹಾಗಾದರೆ ಯಾರಿಗೆ ಯಾವುದು?

ಮಾರಾಟ ಈಗಷ್ಟೇ ಶುರುವಾದ ನಾಲ್ಕೈದು ಜನರಿದ್ದರೆ ಬಾಡಿಗೆ ಅಡುಗೆಮನೆ ಮತ್ತು ಬೀಜಧನ. ಒಂದು ವರ್ಷ ಹೀಗೇ ನಡೆಸಿ, ಪ್ರತಿ ಗಂಟೆಯ ಬಳಕೆಯನ್ನೂ ಪುಸ್ತಕದಲ್ಲಿ ಬರೆಯಿರಿ. ಮುಂದೆ ಬ್ಯಾಂಕ್ ಮ್ಯಾನೇಜರ್ ಎದುರು ಕೂತಾಗ ಆ ಪುಸ್ತಕ ಯೋಜನಾ ವರದಿಗಿಂತ ಜಾಸ್ತಿ ಮಾತಾಡುತ್ತದೆ.

ಗುಂಪಿನಲ್ಲಿ ಒಬ್ಬರು ಗಟ್ಟಿಯಾಗಿದ್ದು ಉಳಿದವರ ಕೆಲಸ ಸಣ್ಣದಾಗಿದ್ದರೆ ಆ ಒಬ್ಬರ ಹೆಸರಲ್ಲಿ ಪಿಎಂಎಫ್‌ಎಂಇ. ಕೈಕಾಸು ತೀರಾ ಕಮ್ಮಿ, ಘಟಕವೂ ಹೊಸದು ಎಂದರೆ ಪಿಎಂಇಜಿಪಿ. ಒಳ್ಳೆ ಲೆಕ್ಕಪತ್ರ ಇರುವ ಒಕ್ಕೂಟವೋ ರೈತ ಕಂಪನಿಯೋ ಆದರೆ ಸಾಮಾನ್ಯ ಸೌಲಭ್ಯ ಕೇಂದ್ರ, ಜೊತೆಗೆ ಬಡ್ಡಿ ರಿಯಾಯಿತಿ. ಸಾಲವೇ ಬೇಡ ಎಂದು ಗಟ್ಟಿಯಾಗಿ ತೀರ್ಮಾನಿಸಿದವರು, ಪಂಚಾಯಿತಿಯ ಖಾಲಿ ಕಟ್ಟಡವೊಂದು ಸಿಗುವ ಹಾಗಿದ್ದರೆ, ಸಿಎಸ್‌ಆರ್ ಕಡೆ ನೋಡಲಿ.

ಪಿಎಂಎಫ್‌ಎಂಇ, ಪಿಎಂಇಜಿಪಿ, ಕೃಷಿ ಮೂಲಸೌಕರ್ಯ ನಿಧಿಯ ಸಾಲ ಮಂಜೂರಾತಿ, ಈ ಮೂರಕ್ಕೂ ಸರ್ಕಾರ ಇಟ್ಟಿದ್ದ ಅವಧಿ 2025-26ರ ಹಣಕಾಸು ವರ್ಷದವರೆಗೆ. ಆದ್ದರಿಂದ ಯೋಜನಾ ವರದಿಗೆ ದುಡ್ಡು ಖರ್ಚು ಮಾಡುವ ಮೊದಲು "ಈಗ ಹೊಸ ಅರ್ಜಿ ತೆಗೆದುಕೊಳ್ಳುತ್ತಿದ್ದೀರಾ, ಈ ವರ್ಷದ ಗುರಿಯಲ್ಲಿ ಜಾಗ ಇದೆಯಾ, ಸಬ್ಸಿಡಿ ಪ್ರಮಾಣ ಅದೇ ಇದೆಯಾ" ಎಂದು ಜಂಟಿ ಕೃಷಿ ನಿರ್ದೇಶಕರ ಕಚೇರಿಯಲ್ಲೂ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲೂ ಕೇಳಿ.

ಪರವಾನಗಿ ವಿಷಯ

ಆಹಾರ ಸುರಕ್ಷತೆ ಕಾಯ್ದೆ 2006ರ ಪ್ರಕಾರ ನೋಂದಣಿ ಅಥವಾ ಲೈಸೆನ್ಸ್ ಆ ಜಾಗಕ್ಕೆ ಸೇರಿದ್ದು. ಮನೆ ವಿಳಾಸಕ್ಕೆ ಪಡೆದದ್ದು ಕಾಮನ್ ಕಿಚನ್‌ಗೆ ನಡೆಯುವುದಿಲ್ಲ. ಗುಂಪಿನವರು ಎರಡು ರೀತಿ ಮಾಡಬಹುದು. ಒಬ್ಬೊಬ್ಬರೂ ಆ ಅಡುಗೆಮನೆಯ ವಿಳಾಸದಲ್ಲಿ ತಮ್ಮದೇ ನೋಂದಣಿ ಮಾಡಿಸಿ ತಮ್ಮದೇ ಹೆಸರಲ್ಲಿ ಮಾರುವುದು ಒಂದು. ಒಕ್ಕೂಟವೇ ಲೈಸೆನ್ಸ್ ಪಡೆದು ಎಲ್ಲರ ಮಾಲನ್ನೂ ಒಂದೇ ಬ್ರ್ಯಾಂಡ್‌ನಲ್ಲಿ ತರುವುದು ಇನ್ನೊಂದು. ಮೊದಲನೆಯದರಲ್ಲಿ ಸ್ವಾತಂತ್ರ್ಯ ಜಾಸ್ತಿ. ಎರಡನೆಯದರಲ್ಲಿ ಖರ್ಚು ಕಮ್ಮಿ, ಆದರೆ ಒಬ್ಬರ ಪೊಟ್ಟಣದಲ್ಲಿ ಹುಳ ಬಂದರೆ ಎಲ್ಲರ ಹೆಸರೂ ಕೆಡುತ್ತದೆ. ಕೈರುಚಿಯೇ ಬಂಡವಾಳವಾಗಿರುವವರಿಗೆ ನಾನು ಮೊದಲನೆಯದನ್ನೇ ಹೇಳುತ್ತೇನೆ.

ಪೊಟ್ಟಣದ ಮೇಲೆ 14 ಅಂಕಿಯ ನೋಂದಣಿ ಸಂಖ್ಯೆ, ತಯಾರಿಸಿದ ದಿನ, ಎಷ್ಟು ದಿನದೊಳಗೆ ಬಳಸಬೇಕು, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಕರ ಹೆಸರು ವಿಳಾಸ ಎಲ್ಲ ಇರಬೇಕು. ಕೊಳವೆಬಾವಿ ನೀರು ಬಳಸುವುದಾದರೆ ಕುಡಿಯಲು ಯೋಗ್ಯ ಎಂಬ ಪರೀಕ್ಷಾ ವರದಿ ಮಾಡಿಸಿಡಿ. ಪಾವಗಡ ಕಡೆ ಫ್ಲೋರೈಡ್ ತೊಂದರೆ ಇರುವುದರಿಂದ ಅಲ್ಲಿ ಜಾಗ ಹುಡುಕುವವರು ಬಾಡಿಗೆಗೆ ಮುಂಗಡ ಕೊಡುವ ಮೊದಲೇ ನೀರು ಪರೀಕ್ಷೆ ಮಾಡಿಸುವುದು ಒಳ್ಳೆಯದು. ಹಾಗೇ ಕರೆಂಟ್ ಮೀಟರ್ ಸಿಂಗಲ್ ಫೇಸೋ ತ್ರೀ ಫೇಸೋ ಎಂದು ಅವತ್ತೇ ನೋಡಿಕೊಂಡು ಬನ್ನಿ, ದೊಡ್ಡ ಪಲ್ವರೈಸರ್‌ಗೆ ತ್ರೀ ಫೇಸ್ ಬೇಕಾಗುತ್ತದೆ.